ಹರಿದ ಆಕ್ಸಲ್ ಬೂಟು

ವೆಸ್ಟ್ ಮಾಂಬಲಂನಲ್ಲಿ ಫೋರ್-ವೀಲ್ ಜೀಪು ಇಟ್ಟುಕೊಂಡವರನ್ನು ಅಕ್ಕಪಕ್ಕದವರು ವಿಚಿತ್ರವಾಗಿಯೇ ನೋಡುತ್ತಾರೆ. ಇಲ್ಲಿ ಬೆಟ್ಟವೂ ಇಲ್ಲ, ಕಾಡೂ ಇಲ್ಲ. ಆರ್ಯಗೌಡ ರಸ್ತೆಯಲ್ಲಿ (ಹೆಸರು ಕೇಳಿದರೆ ನಮ್ಮೂರಿನದೇ ಅನ್ನಿಸುತ್ತದೆ) ಸಂಜೆ ಹೊತ್ತು ತರಕಾರಿ ಗಾಡಿಗಳನ್ನು ದಾಟುವುದೊಂದೇ ಸಾಹಸ. ನಮ್ಮ ಜೀಪು ಇರುವುದು ತೀರ್ಥಹಳ್ಳಿ ಕಡೆಯ ಅಪ್ಪನ ತೋಟಕ್ಕಾಗಿ. ಕೊನೆಯ ಎರಡು ಕಿಲೋಮೀಟರ್ ಜಾರು ಏರು; ಮಳೆ ಬಿದ್ದರೆ ಬೇರೆ ವಾಹನ ಹತ್ತುವುದಿಲ್ಲ.

ಊರಿಗೆ ಹೊರಡಲು ಹತ್ತು ದಿನವಿದ್ದಾಗ ಮುಂದಿನ ಬಲಚಕ್ರದ ಒಳಬದಿಗೆಲ್ಲ ಕಪ್ಪು ಗ್ರೀಸ್ ಚಿಮ್ಮಿದ್ದು ಕಂಡಿತು. ಆಕ್ಸಲ್ ಬೂಟು ಹರಿದಿತ್ತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಬಗ್ಗಿ ನೋಡಿದವರೇ "ಇಡೀ ಆಕ್ಸಲ್ ಬದಲಿಸಬೇಕು" ಅಂದರು. ಅವರು ಹೇಳಿದ ಮೊತ್ತ ನಮ್ಮ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚಿತ್ತು.

ಬೂಟು ಅಂದರೆ ಹಾರ್ಮೋನಿಯಂ ತಿದಿಯಂತೆ ಮಡಿಕೆಯಿರುವ ರಬ್ಬರ್ ಚೀಲ. ಅದರೊಳಗಿರುವ ಸಿ.ವಿ. ಜಾಯಿಂಟನ್ನು 1920ರ ದಶಕದಲ್ಲಿ ರೂಪಿಸಿದವನು ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ರ್ಜೆಪ್ಪಾ. ಆರು ಉಕ್ಕಿನ ಗುಂಡುಗಳು, ಅವನ್ನು ಹಿಡಿಯುವ ಒಂದು ಪಂಜರ, ಒಳಗೂ ಹೊರಗೂ ಗುಂಡು ಉರುಳುವ ಗಾಡಿಗಳು. ಚಕ್ರ ಎಷ್ಟೇ ತಿರುಗಿಕೊಂಡಿರಲಿ, ತಿರುಗುವ ವೇಗ ಹೆಚ್ಚುಕಡಿಮೆಯಾಗುವುದಿಲ್ಲ. ಬೂಟು ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಮಳೆಯಲ್ಲಿ ದೊರೈಸ್ವಾಮಿ ಸಬ್‌ವೇಯಂಥ ಕಡೆ ನಿಲ್ಲುವ ನೀರಿಗೆ ಇಳಿದರಂತೂ ತುಕ್ಕು ಖಾತ್ರಿ.

ಜಾಯಿಂಟ್ ಸವೆದಿದ್ದರೆ ತಿರುವಿನಲ್ಲಿ ಟಕ್ ಟಕ್ ಸದ್ದು ಬರುತ್ತದೆ ಎನ್ನುತ್ತಾರೆ. ಕಾರಿಗೆ ಅದು ಸರಿ. ನಮ್ಮ ಜೀಪಿನಲ್ಲಿ ಲಿವರ್ ಹಾಕುವವರೆಗೆ ಮುಂದಿನ ಆಕ್ಸಲ್‌ಗೆ ಇಂಜಿನ್ನಿನ ಎಳೆತವೇ ಇರುವುದಿಲ್ಲ. ಊರೆಲ್ಲ ಸುತ್ತಿದರೂ ಸದ್ದಿಲ್ಲ. ಎಳೆತ ಬೀಳುವುದು ಅಪ್ಪನ ಏರಿನಲ್ಲೇ. ಹಾಗಾಗಿ ಬಿಚ್ಚಿ ನೋಡದೆ ‘ಹೋಗಿದೆ’ ಅನ್ನುವುದೂ ಸುಳ್ಳು, ‘ಚೆನ್ನಾಗಿದೆ’ ಅನ್ನುವುದೂ ಸುಳ್ಳು.

ನಮ್ಮ ಓಣಿಯ ಮೆಕ್ಯಾನಿಕ್ ಅಣ್ಣ ಬಿಚ್ಚಿದರು. ಹಬ್ ನಟ್ ಅಲುಗಿಸುವುದಕ್ಕೇ ಅರ್ಧ ಗಂಟೆ, ಕೊನೆಗೆ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಬೇಕಾಯಿತು. ಆಕ್ಸಲ್ ಹೊರಬಂದ ಮೇಲೆ ಹಳೆಯ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿದರು: ಮರಳಿನ ಗರಗರ ಇರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಪಂಜರವನ್ನು ವಾಲಿಸಿ ಒಂದೊಂದೇ ಗುಂಡನ್ನು ತೆಗೆದು ಬಿಸಿಲಿಗೆ ಹಿಡಿದರು. ಹೊಳಪಿತ್ತು. ಗಾಡಿಗಳಲ್ಲಿ ಉಗುರು ಎಡವುವಂಥ ಗುಳಿಯೂ ಇರಲಿಲ್ಲ. "ಆಕ್ಸಲ್ ಬೇಡ ಸಾರ್, ಬೂಟ್ ಸಾಕು" ಅಂದರು ತಮಿಳಿನಲ್ಲಿ. ಗುಳಿ ಇದ್ದಿದ್ದರೆ ವರ್ಕ್‌ಶಾಪಿನವರ ಮಾತೇ ನಿಜವಾಗುತ್ತಿತ್ತು.

ಆಕ್ಸಲ್ ಬಿಚ್ಚದೆ ಸುತ್ತಿ ಅಂಟಿಸುವ ಸೀಳು ಬೂಟುಗಳೂ ಸಿಗುತ್ತವೆ. ದಾರಿಯಲ್ಲಿ ಕೆಟ್ಟರೆ ಮನೆ ತಲುಪಲು ಸರಿ. ಅದನ್ನು ನಂಬಿ ಘಟ್ಟಕ್ಕೆ ಹೋಗಲಾರೆ. ನಾವು ಇಡೀ ಬೂಟೇ ಹಾಕಿದೆವು. ಕಿಟ್‌ನಲ್ಲಿ ಬಂದ ಕಪ್ಪು ಮಾಲಿಬ್ಡಿನಂ ಗ್ರೀಸನ್ನೇ ತುಂಬಿದೆವು, ಅಂಗಡಿಯ ಸಾದಾ ಗ್ರೀಸಲ್ಲ. ಕ್ಲಿಪ್ ಬಿಗಿಯುವ ಮೊದಲು ಅಣ್ಣ ಬೂಟಿನ ಅಂಚಿಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಟ್ಟರು. ಗಾಳಿ ಉಳಿದರೆ ಬೂಟು ಉಬ್ಬಿ ಮತ್ತೆ ಹರಿಯುತ್ತದಂತೆ.

ಎಡಚಕ್ರದ ಬೂಟಿನ ಮಡಿಕೆಯಲ್ಲೂ ಕೂದಲೆಳೆಯಂಥ ಬಿರುಕುಗಳಿವೆ. ಅದರ ಕಿಟ್ ತಂದಿಟ್ಟಿದ್ದೇನೆ. ಭಾನುವಾರ ಅಣ್ಣ ಬರುತ್ತಾರೆ.