ಕಾಯಿಲ್ ಸುಟ್ಟವನು

ನಮ್ಮ ಬಾಹಾ ಟೀಮ್‌ನಲ್ಲಿ ನನಗೆ ಸಿಕ್ಕ ಕೆಲಸ ವೈರಿಂಗ್. ವರ್ಕ್‌ಶಾಪ್ ಹಿಂದೆ ಸಂಜೆ ಹೊತ್ತು ಗದ್ದಲ ಮಾಡುವ ಆ ಎಟಿವಿ ನೀವೆಲ್ಲಾ ನೋಡಿರ್ತೀರ. ಅದರಲ್ಲಿರೋದು ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಒಂದೇ ಸಿಲಿಂಡರಿನ ಎಂಜಿನ್. ಕಿಡಿಗೆ ಬ್ಯಾಟರಿ ಬೇಕಿಲ್ಲ. ಫ್ಲೈವೀಲ್‌ನ ಮ್ಯಾಗ್ನೆಟ್ ಕಾಯಿಲ್ ಮುಂದೆ ಹಾದಾಗ ಕರೆಂಟು ಅಲ್ಲೇ ಹುಟ್ಟುತ್ತೆ. ಕಿಲ್ ಸ್ವಿಚ್ ಒತ್ತಿದ್ರೆ ಒಂದು ವೈರು ಬಾಡಿಗೆ ತಾಗಿ ಕಿಡಿ ನಿಲ್ಲುತ್ತೆ. ಅಷ್ಟೇ.

ಸ್ವಿಚ್ ಅಂದ್ಮೇಲೆ ಪಾಸಿಟಿವ್ ಇರ್ಲೇಬೇಕು ಅಂತ ನಾನು ಬ್ರೇಕ್ ಲೈಟಿನ 12 ವೋಲ್ಟನ್ನು ಆ ವೈರಿಗೆ ಕೊಟ್ಟೆ. ಕಾಯಿಲ್ ಸತ್ತಿತು. ಬೈಸಿಕೊಂಡವನು ನನ್ನ ರೂಮ್‌ಮೇಟ್, ಯಾಕಂದ್ರೆ ಕೊನೆಗೆ ಸ್ಟಾರ್ಟರ್ ಹಗ್ಗ ಎಳೆದದ್ದು ಅವನು. ನಾನು ಪಕ್ಕದಲ್ಲೇ ನಿಂತು ಕೇಬಲ್ ಟೈ ಎಣಿಸ್ತಿದ್ದೆ.

ಯುಗಾದಿಗೆ ಹಂಪಸಾಗರಕ್ಕೆ ಹೋದೆ. ತುಂಗಭದ್ರಾ ಹಿನ್ನೀರಿನ ಕಡೆಯಿಂದ ಗಾಳಿ ಬೀಸ್ತಿತ್ತು, ಮಾವನ ಗ್ಯಾರೇಜಿನಲ್ಲಿ ಒಂದು ಹಳೇ ಜಾವಾ ನಿಂತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಗಾಡಿ ಮಾತ್ರ ಇನ್ನೂ ಮೇವು ಹೊರುತ್ತೆ. ಅದರ ಅಜ್ಜನ ದೂರು: "ಖಾಲಿ ಓಡ್ತೈತಿ, ಹೊರೆ ಇಟ್ರೆ ಮಿಸ್ ಹೊಡೀತೈತಿ." ಮಾವ ಎರಡು ಸಲ ಕಾರ್ಬೊರೇಟರ್ ತೊಳೆದಿದ್ದ, ದುಡ್ಡೂ ತಗೊಂಡಿದ್ದ.

ಆವತ್ತು ಪ್ಲಗ್ಗಿನ ವೈರು ಬಿಚ್ಚಿ, ರಬ್ಬರ್ ಹಿಡಿಕೆಯ ಇಕ್ಕಳದಲ್ಲಿ ಪ್ಲಗ್ಗಿನ ತಲೆ ಹತ್ತಿರ ಹಿಡಿದ. ನಡುವೆ ಪೆನ್ಸಿಲ್ ಮೊನೆ. "ಕಿಕ್ ಹೊಡಿಯಲೇ ಅಳಿಯ." ಹೊಡೆದೆ. ಕಿಡಿಯ ಕೇಸರಿ ಉರಿ ಪೆನ್ಸಿಲ್ಲಿಂದ ಪ್ಲಗ್ಗಿನ ಕಡೆ ಅರಳಬೇಕಿತ್ತು, ವೈರಿನ ಕಡೆ ಅರಳಿತು. ಕಾಯಿಲ್ ಉಲ್ಟಾ. 15 ಮತ್ತು 1 ಅಂತ ಬರೆದಿರೋ ಎರಡು ಟರ್ಮಿನಲ್‌ಗಳ ವೈರು ಅದಲುಬದಲಾಗಿತ್ತು.

ಇದು ನಮ್ಮ ಸಿಲಬಸ್‌ನಲ್ಲಿ ನಾನು ಓದಿದ್ದೇ ಅಲ್ಲ. ಪ್ಲಗ್ಗಿನ ನಡುವಿನ ಕಡ್ಡಿ ಪಿಂಗಾಣಿಯೊಳಗೆ ಹೂತಿರೋದ್ರಿಂದ ಅದರ ಕಾವು ಬೇಗ ಇಳಿಯಲ್ಲ. ಕಾದ ಲೋಹದಿಂದ ಎಲೆಕ್ಟ್ರಾನ್ ಸಲೀಸಾಗಿ ಹೊರಡುತ್ತೆ. ಹಾಗಾಗಿ ಆ ಕಡ್ಡಿ ನೆಗೆಟಿವ್ ಇರಬೇಕು. ಉಲ್ಟಾ ಆದ್ರೆ ತಣ್ಣಗಿರೋ ಕಡೆಯಿಂದ ಎಲೆಕ್ಟ್ರಾನ್ ಎಳೀಬೇಕು, ಹೆಚ್ಚು ವೋಲ್ಟೇಜ್ ಬೇಕು. ಖಾಲಿ ಗಾಡಿಗೆ ನಡೆದುಹೋಗುತ್ತೆ. ಹೊರೆ ಬಿದ್ದು ಸಿಲಿಂಡರಲ್ಲಿ ಒತ್ತಡ ಏರಿದಾಗ ಕಿಡಿ ತಪ್ಪುತ್ತೆ. (ಹಗ್ಗ ಎಳೆಯೋ ನಮ್ಮ ಎಂಜಿನ್‌ಗೆ ಈ ತೊಂದರೆಯೇ ಇಲ್ಲ, ನನ್ನಂಥವರು ಕೈ ಹಾಕದಿದ್ರೆ.)

ಅಜ್ಜ ಕೇಳಿದ, "ಯಾರು ಹಿಂಗ ಮಾಡಿದ್ರಪಾ?"

ನಾನು ಮಾವನ ಮುಖ ನೋಡಿದೆ. ಹಿಂದಿನ ಮಾಲೀಕನ ಮೇಲೆ ಹಾಕಿದ್ರೆ ಮುಗೀತಿತ್ತು.

"ನಾನೇ ಅಜ್ಜಾ. ಹೋದ ವರ್ಷ ಕಾಯಿಲ್ ಬದಲಿ ಮಾಡಿದ್ನಲ್ಲ, ಅವಾಗ." ಕಾರ್ಬೊರೇಟರಿನ ಇನ್ನೂರು ರೂಪಾಯಿ ತೆಗೆದು ಅಜ್ಜನ ಜೇಬಿಗೇ ಇಟ್ಟ. ಅಜ್ಜ ನೂರು ವಾಪಸ್ ಕೊಟ್ಟು, ಗಾಡಿ ಒದ್ದು ಹೋದ.

ಸೋಮವಾರ ಕ್ಯಾಪ್ಟನ್‌ಗೆ ಹೇಳಿದೆ. ಹೇಳೋವಾಗ ಇಂಗ್ಲಿಷೂ ಬರಲಿಲ್ಲ, ಕನ್ನಡಾನೂ ಬರಲಿಲ್ಲ. ಅವರು ಬೈದದ್ದು ಕಡಿಮೆ. ಹೊಸ ಕಾಯಿಲ್‌ನ ದುಡ್ಡಲ್ಲಿ ಅರ್ಧ ನಂದು ಅಂದ್ರು. ರೂಮ್‌ಮೇಟ್ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮಾರ್ಕರ್ ತಂದು, ಕಿಲ್ ಸ್ವಿಚ್ ವೈರಿಗೆ ಬಿಳಿ ಟೇಪ್ ಸುತ್ತಿ ಅವನೇ ಬರೆದ: "ಇದಕ್ಕೆ ಕರೆಂಟು ಕೊಡಬೇಡ, ಮಾರಾಯ."