ಹೇಳಿದ ಹೊತ್ತು, ಆದ ಹೊತ್ತು

ಮದುವೆ ಪತ್ರಿಕೆಯಲ್ಲಿ ಅಕ್ಷತೆ ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ ಎಂದು ಅಚ್ಚು ಹಾಕಿಸುವವರೂ ನಾವೇ, ಎರಡಾದರೂ ಬೀಗರ ಬಸ್ಸು ಮುದ್ದೇಬಿಹಾಳ ದಾಟಿಲ್ಲವೆಂದು ನಿರಾಳವಾಗಿ ಎಲೆ ಅಡಿಕೆ ಮೆಲ್ಲುವವರೂ ನಾವೇ. ವಿಜಯಪುರ ಜಿಲ್ಲೆಯ ಇಂಥ ಜನಕ್ಕೆ ಟಿವಿ ಕಾರ್ಯಕ್ರಮಗಳ ವೇಳಾಪಟ್ಟಿ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಕೊಟ್ಟವರು ಸಿಂದಗಿ ಸೀಮೆಯ ಒಬ್ಬ ಕೇಬಲ್ ಮಾಲಕರು. ಊರಿಗೆಲ್ಲ ಅವರು ಕೇಬಲ್ ಕಾಕಾ. ಅವರದೊಂದು ಲೋಕಲ್ ಚಾನೆಲ್ ಇದೆ: ನಸುಕಿನಲ್ಲಿ ವಚನ, ಮಧ್ಯಾಹ್ನ ಸಿನೆಮಾ, ಸಂಜೆ ಊರ ಸುದ್ದಿ, ರಾತ್ರಿ ಡೊಳ್ಳಿನ ಪದ, ಜಾತ್ರೆ ಬಂದರೆ ತೇರಿನ ನೇರಪ್ರಸಾರ. ಇಷ್ಟಕ್ಕೂ ಆಧಾರ ಒಂದು ಉದ್ದನೆಯ ಖಾತೆ ಪುಸ್ತಕ. ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಕರೆದು ಕೂರಿಸಿದರು.

“ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡ್ತಿ ಅಲ್ಲೋ ತಮ್ಮಾ? ರಿಮೋಟಿನ ಗುಂಡಿ ಒತ್ತಿದ್ರ ದೊಡ್ಡ ಚಾನೆಲ್ನವ್ರದು ಮುಂದೇನೈತಿ ಅಂತ ಪಟ್ಟಿ ಬರ್ತದ. ನಮ್ಮದು ಬಂತಂದ್ರ ಖಾಲಿ ಖಾಲಿ. ಅಷ್ಟು ಮಾಡಿಕೊಡು.”

ಅಷ್ಟೇ ತಾನೇ ಎಂದುಕೊಂಡೆ. ಸಿದ್ಧ ಸಾಫ್ಟ್‌ವೇರ್‌ಗಳು ಇಲ್ಲದಿಲ್ಲ. ಆದರೆ ಅವು ನೂರಾರು ಚಾನೆಲ್ ನಡೆಸುವವರ ಅಳತೆಗೆ ಹೊಲಿದವು. ಕಾಕಾನ ಖಾತೆ ಪುಸ್ತಕ ಬಿಡಿಸುತ್ತಿದ್ದಂತೆ ಕೆಲಸದ ಆಳ ತಿಳಿಯಿತು. ಮೊದಲು ಮಾಡಬೇಕಾದ್ದು ಕಾರ್ಯಕ್ರಮವನ್ನೂ ಅದು ಬರುವ ಹೊತ್ತನ್ನೂ ಬೇರೆ ಬೇರೆ ಮಾಡುವುದು. ‘ಬಂಗಾರದ ಮನುಷ್ಯ’ 1972ರಲ್ಲಿ ಒಮ್ಮೆ ತೆರೆಕಂಡ ಚಿತ್ರ. ಪುಸ್ತಕದಲ್ಲಿ ಅದು ಪುಟಕ್ಕೊಮ್ಮೆ ಹೊಸದಾಗಿ ಹುಟ್ಟಿತ್ತು, ಕಾಗುಣಿತವೂ ಪ್ರತಿ ಸಲ ಬೇರೆ. ಚಿತ್ರದ ಹೆಸರು, ತಾರಾಗಣ, ಅವಧಿ, ಭಾಷೆ ಒಂದು ಕೋಷ್ಟಕದಲ್ಲಿ; ಯಾವ ದಿನ, ಎಷ್ಟು ಗಂಟೆಗೆ ಎಂಬುದು ಇನ್ನೊಂದರಲ್ಲಿ. ಭಾಷೆಯ ಕಾಲಂ ಏಕೆಂದು ಕಾಕಾ ಕೇಳಿದರು. ಇಂಡಿ ಕಡೆಯ ಮನೆಗಳನ್ನು ನೆನಪಿಸಿದೆ. ಸೊಲ್ಲಾಪುರ ಅಲ್ಲಿಂದ ಹತ್ತಿರ. ಲಿಂಬೆ ಮಾರಲು ಹೋಗಿಬರುವವರ ಮನೆಯಲ್ಲಿ ಸಂಜೆ ಒಂದು ಕನ್ನಡ ಧಾರಾವಾಹಿಯಾದರೆ ಇನ್ನೊಂದು ಮರಾಠಿಯದು.

ಟಿವಿಗೂ ನಮ್ಮ ಜಿಲ್ಲೆಗೂ ಇರುವ ನಂಟು ಬೆಂಗಳೂರಿನವರು ಅಂದುಕೊಂಡದ್ದಕ್ಕಿಂತ ಹಳೆಯದು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿವಿ ನಡೆದಿತ್ತು. ಅದು ಸೈಟ್ ಎಂಬ ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಒಂದು ವರ್ಷಕ್ಕೆ ಕಡ ತಂದಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ, ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ ಮೂಲಕ ಚಿತ್ರ ನೇರವಾಗಿ ಆಕಾಶದಿಂದಲೇ ಇಳಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು ಕುಣಿತ. ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಹೊತ್ತು ತರುತ್ತಿತ್ತು: ಪರದೆಯ ಮೇಲಿನ ರೈತ ನಮ್ಮ ಹಳ್ಳಿಯಲ್ಲಿ ಕನ್ನಡ ಆಡಿದರೆ ಅದೇ ತುಟಿಯಲ್ಲಿ ಆಂಧ್ರದವರಿಗೆ ತೆಲುಗು. ಎರಡೂ ಭಾಷೆಯ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ನನ್ನ ಸೋದರಮಾವ ಆಗ ಪ್ರಾಥಮಿಕ ಶಾಲೆಯ ಹುಡುಗ. ಅವನ ನೆನಪಿನಲ್ಲಿ ಪಾಠ ಒಂದೂ ಉಳಿದಿಲ್ಲ. ಹೊತ್ತು ಮಾತ್ರ ಉಳಿದಿದೆ. “ಮಾಸ್ತರು ಬರೂದು ತಡ ಆಗ್ತಿತ್ತು, ಅದು ಮಾತ್ರ ತಡ ಆಗ್ತಿದ್ದಿಲ್ಲ” ಎನ್ನುತ್ತಾನೆ. ನಿಜ. ಕಡ ತಂದ ಉಪಗ್ರಹ ಮಾತಿನಂತೆ 1976ರ ಜುಲೈ 31ರವರೆಗೆ ದುಡಿದು ಅಮೆರಿಕದ ಕಡೆ ಮರಳಿತು. ನಮ್ಮ ಜಿಲ್ಲೆ ಕಂಡ ಅತಿ ಕಟ್ಟುನಿಟ್ಟಿನ ವೇಳಾಪಟ್ಟಿ ಅದೇ ಇರಬೇಕು. ಆದರೆ ಪಟ್ಟಿ ಹಾಕಿದವರಲ್ಲಿ ನಮ್ಮವರು ಯಾರೂ ಇರಲಿಲ್ಲ. ನಾವು ಹೊತ್ತಿಗೆ ಸರಿಯಾಗಿ ಕೂತು ನೋಡುವವರಷ್ಟೇ. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇ ಬಂತು.

ಪಟ್ಟಿಗೂ ಬೆಲೆ ಇದೆ ಎಂದು ಹಿಂದೆಯೇ ಲೆಕ್ಕ ಹಾಕಿದವರು ಬ್ರಿಟನ್ನಿನ ಪತ್ರಿಕೆಗಳವರು. 1923ರಲ್ಲಿ ಅವರು, ರೇಡಿಯೊ ಕಾರ್ಯಕ್ರಮಗಳ ವಿವರ ಬಿಟ್ಟಿ ಅಚ್ಚು ಹಾಕುವುದಿಲ್ಲ, ಜಾಹೀರಾತಿನ ದರ ಕೊಡಿ ಎಂದು ಬಿಬಿಸಿಗೆ ಹೇಳಿದರು. ಬಿಬಿಸಿ ಅದೇ ಸೆಪ್ಟೆಂಬರಿನಲ್ಲಿ ‘ರೇಡಿಯೊ ಟೈಮ್ಸ್’ ಎಂಬ ತನ್ನದೇ ವಾರಪತ್ರಿಕೆ ತಂದಿತು. ಅದು ಇಂದಿಗೂ ಮಾರಾಟದಲ್ಲಿದೆ. ಮೂಲೆಯಲ್ಲಿ ಹಾಕಲು ಒಲ್ಲೆ ಎಂದ ಪಟ್ಟಿಯೇ ಒಂದು ಪತ್ರಿಕೆಯಾಗಿ ನೂರು ವರ್ಷ ಬಾಳಿದ್ದನ್ನು ಕಾಕಾಗೆ ಹೇಳಿದೆ. “ಮತ್ತ ನೀ ರೊಕ್ಕ ಎಷ್ಟು ತಗೋತಿ?” ಎಂದರು.

ಕೇಬಲ್ಲಿಗೆ ಡಿಜಿಟಲ್ ಕಡ್ಡಾಯ ಮಾಡುವ ಕಾಯ್ದೆ 2011ರಲ್ಲಿ ಬಂತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ ಗಡುವು; ನಮ್ಮ ಹಳ್ಳಿಗಳ ಸರದಿ ಮುಗಿದದ್ದು 2017ರ ಮಾರ್ಚಿನಲ್ಲಿ. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಪಟ್ಟಿ ಪೇಪರಿನಿಂದ ಪರದೆಗೆ ಹೋಯಿತು. ಚಿತ್ರ, ಧ್ವನಿಗಳ ಜೊತೆ ಈಗ ಒಂದಿಷ್ಟು ಅಕ್ಷರವೂ ಹರಿದುಬರುತ್ತದೆ. ಕಿರಿಕಿರಿ ಇರುವುದು ಇಲ್ಲೇ. ಹೆಸರು, ಸಾರಾಂಶ ಎರಡೂ ಸೇರಿ ಒಂದು ತುಣುಕಿಗೆ ಸಿಗುವ ಜಾಗ 255 ಬೈಟಿನೊಳಗೇ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಕನ್ನಡಕ್ಕೆ ಮೂಲಾಕ್ಷರ, ಸ್ವರಚಿಹ್ನೆ, ಹಲಂತ ಪ್ರತಿಯೊಂದಕ್ಕೂ ಮೂರು ಮೂರು. ಬರೀ ‘ಶ್ರೀ’ ಬರೆದರೆ ಹನ್ನೆರಡು ಬೈಟ್ ಹೋಯಿತು! ‘ಬಂಗಾರದ ಮನುಷ್ಯ’ 37 ಬೈಟ್ ತಿಂದರೆ ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಅದರ ಅರ್ಧ. ಶ್ರೀ ಇಲ್ಲದೆ ನಮ್ಮಲ್ಲಿ ಯಾವ ಜಾತ್ರೆಯ ಹೆಸರು ಶುರುವಾಗುತ್ತದೆ? ಸ್ವಾಮಿಗಳ ಬಿರುದು ಬರೆಯುವಷ್ಟರಲ್ಲಿ ಜಾಗ ಖಲಾಸ್, ಪ್ರವಚನದ ವಿಷಯಕ್ಕೆ ಏನೂ ಇಲ್ಲ. ಮೇಲಾಗಿ ಕೆಲವು ಬಾಕ್ಸುಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅದಕ್ಕೇ ಬಹಳಷ್ಟು ಕನ್ನಡ ಕಾರ್ಯಕ್ರಮಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲೇ ಬರುತ್ತವೆ. ನನಗದು ಸೋಮಾರಿತನವೆಂದೇ ತೋರುತ್ತದೆ. ಬಿರುದು ಕತ್ತರಿಸುತ್ತೇನೆ, ಲಿಪಿ ಬದಲಿಸುವುದಿಲ್ಲ ಎಂದು ಹಟ ಹಿಡಿದೆ. ಬಿರುದು ಕತ್ತರಿಸುವ ಅಧಿಕಾರ ಯಾರದು ಎಂಬ ಚರ್ಚೆ ಒಂದು ಇಡೀ ಸಂಜೆ ನಡೆಯಿತು.

ಡಿಜಿಟಲ್ ಪ್ರಸಾರದ ಕಾಲಗಣನೆಯೂ ವಿಚಿತ್ರ. ಅದು ದಿನ ಎಣಿಸುವುದು 1858ರ ನವೆಂಬರ್ 17ರಿಂದ, ಅಂದರೆ ಹಲಗಲಿ ಬೇಡರು ಹತಾರ ಕೊಡೆವೆಂದ ಮರುವರ್ಷದಿಂದ. ಆ ಲೆಕ್ಕಕ್ಕೆ ಇಟ್ಟ ಹದಿನಾರು ಬಿಟ್‌ಗಳು 2038ರ ಏಪ್ರಿಲ್ 22ಕ್ಕೆ ತುಂಬುತ್ತವೆ; ಆಮೇಲಿನದನ್ನು ನೋಡಿಕೊಳ್ಳಲು ಕಾಕಾನ ಮೊಮ್ಮಗ ಇದ್ದಾನೆ. ಗಂಟೆಯಂತೂ ನಮ್ಮದಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯದಲ್ಲಿ. ರಾತ್ರಿ ಎಂಟರ ಸಿನೆಮಾ ಅಲ್ಲಿ 14:30. ನಸುಕಿನ ಐದಕ್ಕೆ ಬರುವ ಶ್ರಾವಣ ಸೋಮವಾರದ ವಚನ ಆ ಕೋಷ್ಟಕದಲ್ಲಿ ಭಾನುವಾರದ್ದು!

ಇದೆಲ್ಲ ಲೆಕ್ಕ, ಯಂತ್ರ ಮಾಡುತ್ತದೆ. ಪಂಚಾಂಗವನ್ನು ಏನು ಮಾಡುವುದು? ‘ಪ್ರತಿ ವಾರ’, ‘ಪ್ರತಿ ತಿಂಗಳು’, ‘ಪ್ರತಿ ವರ್ಷ ಇದೇ ದಿನ’ ಎಂಬ ಗುಂಡಿಗಳನ್ನು ಇಟ್ಟಿದ್ದೆ. ಕಾಕಾ ಮೊದಲು ಕೇಳಿದ್ದೇ ಬಸವ ಜಯಂತಿ. ಅಂದು ಬಸವನ ಬಾಗೇವಾಡಿಯ ಉತ್ಸವ, 1959ರ ‘ಜಗಜ್ಯೋತಿ ಬಸವೇಶ್ವರ’, ಎರಡೂ ಅವರಿಗೆ ಬೇಕು. ಅದೋ ವೈಶಾಖ ಶುದ್ಧ ತದಿಗೆ, ವರ್ಷ ವರ್ಷ ತಾರೀಕು ಜಿಗಿಯುತ್ತದೆ. ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿದವರ ಮನೆಗೆ ಅಭಂಗ ಬೇಕು. ಎಳ್ಳಮವಾಸಿಯ ದಿನ ಇದಕ್ಕೆ ತಿರುಗು ಮುರುಗು: ಊರಿಗೆ ಊರೇ ಸಜ್ಜಿ ರೊಟ್ಟಿ, ಭಜ್ಜಿ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ, ಟಿವಿ ನೋಡುವವರೇ ಇಲ್ಲ, ಅಂದು ಒಳ್ಳೆಯ ಸಿನೆಮಾ ಹಾಕಿ ಹಾಳು ಮಾಡಬಾರದು. ಕೊನೆಗೆ ತಿಥಿಗೆಂದೇ ಒಂದು ಕೋಷ್ಟಕ ಮಾಡಿದೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಕಾಕಾ ಅದನ್ನು ತುಂಬುತ್ತಾರೆ. ಇಡೀ ಸಾಫ್ಟ್‌ವೇರ್‌ನಲ್ಲಿ ಬೇಸರವಿಲ್ಲದೆ ಅವರು ಮಾಡುವ ಕೆಲಸ ಅದೊಂದೇ.

ಅವರಿಗೆ ಸೇರದೆ ಹೋದದ್ದು ಕಡೆಯ ಎರಡು ಕಾಲಂ. ಹೇಳಿದ ಹೊತ್ತಿನ ಪಕ್ಕ ನಿಜವಾಗಿ ಪ್ರಸಾರವಾದ ಹೊತ್ತು, ಅದರ ಪಕ್ಕ ಕಾರಣ. ದೊಡ್ಡ ಚಾನೆಲ್‌ಗಳಲ್ಲಿ ಜಾಹೀರಾತಿನ ಬಿಲ್ಲು ಏಳುವುದೇ ಪ್ರಸಾರವಾದದ್ದರ ದಾಖಲೆಯ ಮೇಲೆ; ಬಾರದ ಜಾಹೀರಾತಿಗೆ ದುಡ್ಡು ಕೇಳುವಂತಿಲ್ಲ. ಇಲ್ಲಿ ಬಂಗಾರದಂಗಡಿಯವರು, ಸೀರೆಯಂಗಡಿಯವರು ತಿಂಗಳ ಕೊನೆಗೆ ಆ ಪಟ್ಟಿ ಕೇಳತೊಡಗಿದರು. ಅದನ್ನು ತುಂಬುವವನು ಕಂಟ್ರೋಲ್ ರೂಮಿನ ಹುಡುಗ, ಸತ್ಯವಂತ. ‘ಕರೆಂಟ್ ಹೋಗಿತ್ತು’ ಎಂದು ಬರೆದ. ‘ಊಟಕ್ಕ ಹೋಗಿದ್ದೆ’ ಎಂದು ಬರೆದ. ‘ಕಾಕಾರ ಅಳಿಯ ಬಂದು ಮ್ಯಾಚ್ ಹಾಕಿಸಿದ್ರು’ ಎಂದೂ ಬರೆದ. ಅದನ್ನು ಅಂಗಡಿಯವರು ಓದಿದರು.

ಕಾರಣದ ಕಾಲಂ ತೆಗೆದುಬಿಡು ಎಂದು ಕಾಕಾ ಫೋನ್ ಮಾಡಿದರು. ದುಡ್ಡು ಕೊಡುವವರು ನೋಡಲೆಂದೇ ಅದನ್ನು ಇಟ್ಟದ್ದು ಎಂದೆ.

“ಹಂಗಾರ ಹುಡುಗಗ ಬರಿಯೂದು ಕಲಸ್ತೀನಿ ಬಿಡು” ಎಂದರು. ಕಲಿಸಿದ್ದಾರೆ. ಈಗ ಕರೆಂಟಿರಲಿ, ಊಟವಿರಲಿ, ಅಳಿಯನಿರಲಿ, ಕಾಲಂನಲ್ಲಿ ದೂರದರ್ಶನದವರ ಆ ಹಳೆಯ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಒಂದೇ ಬರುತ್ತದೆ, ಒಂದೊಂದು ಸಲಕ್ಕೆ ಎಪ್ಪತ್ತು ಬೈಟ್.