ನಾಲ್ಕೋ? ಐದೋ?

ಬಸವೇಶ್ವರನಗರದಲ್ಲಿ ಗೇರ್ ಆಯಿಲ್ ಕೇಳಿದರೆ "ಜಿಎಲ್-5 ತಗೊಳಿ ಸಾರ್, ನಾಲ್ಕಕ್ಕಿಂತ ಐದು ಒಳ್ಳೇದು" ಅನ್ನೋರು ಸಿಕ್ಕೇ ಸಿಗ್ತಾರೆ. ಇದೇನು ಪರೀಕ್ಷೆ ಮಾರ್ಕ್ಸಾ ಸ್ವಾಮಿ?

ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ನಾಲ್ಕರದ್ದಕ್ಕಿಂತ ಸುಮಾರು ದುಪ್ಪಟ್ಟು. ಲಾರಿ, ಜೀಪುಗಳ ಹಿಂದಿನ ಆಕ್ಸಲ್‌ಗೆ ಅದು ಬೇಕು. ಆದರೆ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತಲ್ಲ, ಗೇರ್ ಬದಲಿಸುವಾಗ ಉಜ್ಜಿ ಉಜ್ಜಿ ವೇಗ ಹೊಂದಿಸೋದು ಅದೇ. ಆಯಿಲ್ ತೀರಾ ಜಾರಿದರೆ ರಿಂಗ್ ಹಿಡಿಯೋಲ್ಲ.. ಗೇರ್ ಹಾಕಿದಾಗ ಕರಕರ! ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯನ್ನೇ ನಿಧಾನಕ್ಕೆ ತಿಂದುಬಿಡುತ್ತವೆ.

ನಮ್ಮಪ್ಪನ ಕಾರು ಮಾರುತಿ 800. ಅದರ ತಯಾರಿಕೆ 2014ರಲ್ಲೇ ನಿಂತಿತು. ಈಗ ಗೇರ್‌ಬಾಕ್ಸ್ ಹೋದರೆ ರಿಪೇರಿ ಮಾಡಿಸೋ ಬದಲು ಗುಜರಿಗೆ ಹಾಕು ಅನ್ನೋರೇ ಹೆಚ್ಚು. ಹಾಗಾಗಿ ಮ್ಯಾನ್ಯುಯಲ್‌ನಲ್ಲಿದ್ದ ಹಾಗೆ ಜಿಎಲ್-4 ತಂದೆ. ನೀವೂ ದುಡ್ಡು ಕೊಡೋ ಮುಂಚೆ ನಿಮ್ಮ ಕಾರಿನ ಮ್ಯಾನ್ಯುಯಲ್ ಒಮ್ಮೆ ತೆಗೆದು ನೋಡಿ :)